ಕಾಯಬೇಕೆಂದು ಬಂದ ಕಾರ್ಡು

ಕೌಲ್ ಬಜಾರ್, ಬಳ್ಳಾರಿ
11 ಜೂನ್ 2023

ಪ್ರೀತಿಯ ಅತ್ತಿಗೆಗೆ ಅಕ್ಷಿತಾ ಮಾಡುವ ನಮಸ್ಕಾರ.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ಜೀನ್ಸ್ ಯೂನಿಟ್ಟಿನ ಕೆಲಸ ಹೋಯಿತು. ಆರ್ಡರ್ ಇಲ್ಲ ಎಂದು ನಮ್ಮ ಸಾಲಿನ ಹೆಂಗಸರನ್ನೆಲ್ಲ ಮನೆಗೆ ಕಳಿಸಿದರು. ಅವ್ವನಿಗೆ ಈಗಲೇ ಹೇಳಬೇಡ, ಊಟ ಬಿಡುತ್ತಾಳೆ.

ನಿಜ ಹೇಳಲೇ ಅತ್ತಿಗೆ? ನನಗೆ ಅಷ್ಟೇನೂ ದುಃಖವಾಗಲಿಲ್ಲ. ಮಷೀನಿನ ಮುಂದೆ ಮತ್ತೆ ಕೂರುವ ಮನಸ್ಸಿಲ್ಲ. ಭವಿಷ್ಯ ಹೇಳುವ ನನ್ನ ಟ್ಯಾರೋ ಕಾರ್ಡುಗಳನ್ನೇ ನಂಬಿ ಬದುಕಬೇಕೆಂದು ಹೊರಟಿದ್ದೇನೆ. ಮೊನ್ನೆ ಇಲ್ಲಿಯ ವಸ್ತುಪ್ರದರ್ಶನದಲ್ಲಿ, ಗೋಬಿ ಮಂಚೂರಿ ಅಂಗಡಿಗೂ ಬಳೆ ಅಂಗಡಿಗೂ ನಡುವೆ ಒಂದು ಮೇಜು ಹಾಕಿಕೊಂಡು ಕೂತೆ. ಬೋರ್ಡು ಓದಿದ ಒಬ್ಬ ಅಜ್ಜ, "ಟಾರು ಎಲ್ಲೈತವ್ವ? ನಮ್ಮ ಮಾಳಿಗಿ ಸೋರಾಕತ್ತೈತಿ" ಅಂದ. ಇನ್ನೊಬ್ಬಾಕೆ ಗಿಳಿ ಎಲ್ಲಿ ಎಂದು ಕೇಳಿದಳು. ನಗಬೇಡ. ಒಬ್ಬಳು ಹುಡುಗಿ ಮಾತ್ರ ಕೂತು, ಕಾರ್ಡು ನೋಡಿ, ಅತ್ತು, ನನ್ನ ಕೈ ಹಿಡಿದುಕೊಂಡು ಹೋದಳು. ಅವತ್ತೇ ನಿರ್ಧಾರ ಮಾಡಿದೆ.

ಹೈದರಾಬಾದಿನ ಹೊರಗೆ, ಸಿನಿಮಾ ಸೆಟ್ ಹಾಕುವ ಒಂದು ಬಯಲಿನಲ್ಲಿ, ಚಳಿಗಾಲದ ಶನಿವಾರ ಭಾನುವಾರ ಮೇಳ ನಡೆಯುತ್ತದಂತೆ. ರೆನೆಸಾನ್ಸ್ ಫೇರ್ ಅನ್ನುತ್ತಾರೆ. ಐನೂರು ವರ್ಷದ ಹಿಂದಿನ ಯೂರೋಪಿನ ಪೇಟೆಯ ಹಾಗೆ ಬೀದಿ ಕಟ್ಟಿ, ಅಂಗಡಿಯವರೂ ನೋಡಲು ಬಂದವರೂ ಆ ಕಾಲದ ಉಡುಪಿನಲ್ಲಿ ಓಡಾಡುತ್ತಾರೆ. ಕತ್ತಿವರಸೆ, ಕುದುರೆ, ಕಮ್ಮಾರ, ವಿದೂಷಕ ಎಲ್ಲ ಉಂಟು. ಭವಿಷ್ಯ ಹೇಳುವವಳಿಗೂ ಒಂದು ಡೇರೆ ಉಂಟು. ಅರ್ಜಿ ಹಾಕಿದ್ದೇನೆ. ಮೇಳಗಳಲ್ಲಿ ಅನುಭವ ಇದೆಯಾ ಎಂದು ಕೇಳಿದ್ದಾರೆ. ಗೋಬಿ ಅಂಗಡಿಯ ಪಕ್ಕ ಕೂತದ್ದನ್ನು ಅನುಭವ ಎಂದು ಬರೆಯಲೋ ಬೇಡವೋ ತಿಳಿಯದು.

ಅಣ್ಣನಿಗಾಗಿ ಈ ಸಲವೂ ಒಂದು ಕಾರ್ಡು ತೆಗೆದೆ. ಕಂದೀಲು ಹಿಡಿದ ಮುದುಕ ಬಂದ. ಹೊಸಪೇಟೆಗೆ ಬಣ್ಣದ ಕೆಲಸಕ್ಕೆ ಹೋಗಿಬರುತ್ತೇನೆ ಎಂದು ಬ್ಯಾಗು ಹಿಡಿದು ಹೋದವನು ನಾಲ್ಕು ವರ್ಷವಾದರೂ ಬರಲಿಲ್ಲ ಎಂದು ನಾವು ಅಳುತ್ತೇವೆ. ಆದರೆ ಈ ಮುದುಕ ಹೇಳುವುದು ಬೇರೆ: ಅವನು ಕತ್ತಲಲ್ಲಿ ದಾರಿ ಹುಡುಕುತ್ತಿದ್ದಾನೆ, ಕಂದೀಲು ಇನ್ನೂ ಆರಿಲ್ಲ. ಧೈರ್ಯವಾಗಿರು.

ನಿನ್ನ
ಅಕ್ಷಿ

*

ಸಿರುಗುಪ್ಪ
2 ಜುಲೈ 2023

ಪ್ರೀತಿಯ ಅಕ್ಷಿಗೆ,

ಪತ್ರ ನಾನು ಹೊಲಿಯಲು ಹೋಗುವ ಮಂಜಮ್ಮನ ಟೈಲರ್ ಅಂಗಡಿಗೆ ಬಂತು. ಇನ್ನು ಮುಂದೆಯೂ ಅಲ್ಲಿಗೇ ಬರೆ. ಮನೆಗೆ ಇರುವುದು ಒಂದೇ ಫೋನು. ಅದು ಅತ್ತೆಯ ಸೊಂಟದ ಚೀಲ ಬಿಟ್ಟು ಬರುವುದಿಲ್ಲ. ಮಗನ ಕರೆ ತಪ್ಪಿಹೋದೀತು ಎಂದು ಬಚ್ಚಲಿಗೂ ಒಯ್ಯುತ್ತಾರೆ. ನಾನು ಕೇಳುವುದನ್ನೇ ಬಿಟ್ಟಿದ್ದೇನೆ. ತಾಯಿಯ ಜೀವ.

ಕೆಲಸ ಹೋಯಿತೆಂದು ಕುಗ್ಗಬೇಡ. ಆ ಅಜ್ಜನ ಮಾತು ಓದಿ ಮಂಜಮ್ಮ ಕತ್ತರಿ ಕೆಳಗಿಟ್ಟು ನಕ್ಕಳು. ನೀನು ಕೇಳುವ ಕಿವಿ ಇರುವವಳು. ಆ ಹುಡುಗಿ ಅತ್ತದ್ದು ಕಾರ್ಡು ನೋಡಿ ಅಲ್ಲ, ನಿನ್ನನ್ನು ನೋಡಿ. ಅನುಭವ ಇದೆ ಎಂದೇ ಬರೆ.

ಇನ್ನೊಂದು ವಿಷಯ. ನಿನ್ನ ಮುಂದೆ ಹೇಳಲು ನಾಚಿಕೆ, ಬೇರೆ ಯಾರ ಮುಂದೆಯೂ ಹೇಳುವಂತಿಲ್ಲ. ಕುರುಗೋಡಿನಿಂದ ನನ್ನ ಅಣ್ಣ ಕರಿಬಸವ ಬಂದಿದ್ದ. ಅತ್ತೆ ನೀರಿಗೆ ಹೋದಾಗ, "ನಾಗೂ, ಇನ್ನಾ ಎಷ್ಟು ವರ್ಷ ಬಾಗಲಾ ನೋಡ್ಕೋತ ಕುಂದರ್ತಿ?" ಅಂದ. ಅಲ್ಲಿ ಶಾಲೆಯ ವ್ಯಾನ್ ಓಡಿಸುವ ಹೊನ್ನೂರಪ್ಪ ಎಂಬುವವರಿದ್ದಾರೆ. ಹೆಂಡತಿ ತೀರಿಕೊಂಡಿದ್ದಾಳೆ, ಐದನೇ ಕ್ಲಾಸಿನ ಮಗಳಿದ್ದಾಳೆ. ಹೋದ ವಾರ ಮಗಳ ಯೂನಿಫಾರ್ಮ್ ಬಟ್ಟೆ ಹಿಡಿದುಕೊಂಡು ನಮ್ಮ ಅಂಗಡಿಗೇ ಬಂದರು. ಕುರುಗೋಡಿನಲ್ಲಿ ಟೈಲರ್ ಇಲ್ಲವೇ? ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತ, "ಅವಸರ ಇಲ್ರಿ. ಯೋಚನಿ ಮಾಡಿ ಹೇಳ್ರಿ. ಬ್ಯಾಡ ಅಂದ್ರೂ ಬ್ಯಾಸರಿಲ್ಲ" ಅಂದರು. ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಯಿತು ಅಕ್ಷಿ.

ನಿನ್ನ ಅಣ್ಣ ಬದುಕಿದ್ದರೆ ನಾನು ಹೀಗೆ ಯೋಚಿಸುವುದೇ ತಪ್ಪು. ಇಲ್ಲವಾದರೆ ಯಾರಿಗಾಗಿ ಕೂತಿದ್ದೇನೆ? ನೀನು ಅವನ ತಂಗಿ, ಆದರೂ ನಿನ್ನನ್ನೇ ಕೇಳುತ್ತೇನೆ. ಕಾರ್ಡು ಏನು ಹೇಳುತ್ತದೋ ಅದನ್ನೇ ಬರೆ. ನನ್ನ ಮನಸ್ಸು ನೋಯುತ್ತದೆಂದು ತಿದ್ದಬೇಡ.

ನಿನ್ನ ಅತ್ತಿಗೆ
ನಾಗಲಕ್ಷ್ಮಿ

*

ಹೈದರಾಬಾದ್
14 ಅಕ್ಟೋಬರ್ 2023

ಅತ್ತಿಗೆ,

ತಡವಾಯಿತು, ಬೈಯಬೇಡ. ಕೆಲಸ ಸಿಕ್ಕಿತು! ಮೇಳದಲ್ಲಿ ನನ್ನದೇ ಒಂದು ಡೇರೆ!

ಸಂದರ್ಶನಕ್ಕೆ ಹದಿನೈದು ಜನ ಬಂದಿದ್ದರು. ಮುಂಬೈಯಿಂದ ಬಂದವಳೊಬ್ಬಳ ಮುಡಿಯಲ್ಲಿ ನವಿಲುಗರಿ, ಬೆರಳಿಗೊಂದು ಉಂಗುರ. ನನ್ನ ಸರದಿ ಬಂದಾಗ ಮ್ಯಾನೇಜರು ತೆಲುಗಿನಲ್ಲಿ, ಮೇಳ ಶುರುವಾಗುವ ದಿನ ಮಳೆ ಬರುತ್ತದೋ ಇಲ್ಲವೋ ಹೇಳು ಅಂದ. ನಾನು ಕಾರ್ಡು ತೆಗೆಯದೆಯೇ, "ಸಾರ್, ಅದಕ್ಕೆ ತಾಡಪತ್ರಿ ಬೇಕು, ಕಾರ್ಡು ಬೇಡ" ಅಂದೆ. ನಕ್ಕ. ಆದರೂ ಎರಡು ದಿನ ಉತ್ತರ ಬರಲಿಲ್ಲ. ಕೊನೆಗೆ ನಮ್ಮ ಕಡೆಯವರೊಬ್ಬರು, ಇಲ್ಲೇ ಕೆಲಸ ಮಾಡುವವರು, ನನ್ನ ಪರವಾಗಿ ಒಂದು ಮಾತು ಹೇಳಿದರು. ಹಾಗಾಗಿ ಆಯಿತು.

ನೀನು ನೋಡಬೇಕಿತ್ತು ಅತ್ತಿಗೆ. ಪ್ಲೈವುಡ್ಡಿನ ಕೋಟೆ, ಬಣ್ಣ ಹೊಡೆದರೆ ಸಾಕ್ಷಾತ್ ಕಲ್ಲು. ಮುಟ್ಟಿ ನೋಡಿದರೂ ಅನುಮಾನ ಬರುತ್ತದೆ. ಫೋನು ಹೊರಗೆ ತೆಗೆಯುವಂತಿಲ್ಲ. ನೀರಿನ ಬಾಟಲಿಯನ್ನು ಮಣ್ಣಿನ ಹೂಜಿಯೊಳಗೆ ಇಳಿಸಿಟ್ಟು ಕುಡಿಯಬೇಕು. ನನ್ನ ಹೆಸರು ಈಗ ಮದಾಮ್ ಅಕ್ಷಾ. ಒಂದೇ ತೊಂದರೆ, ಉಡುಪು ನಾವೇ ತರಬೇಕು. ಚಿತ್ರ ಕಳಿಸಿದ್ದೇನೆ. ಕಪ್ಪು ಮಕಮಲ್ಲಿನ ಗೌನು, ತೋಳು ಅಗಲ, ಅಂಚಿಗೆ ಜರಿ. ನಿನ್ನ ಕೈಗಲ್ಲದೆ ಬೇರೆ ಯಾರ ಕೈಗೂ ಬಾರದು. ನನ್ನ ಅಳತೆ ನಿನಗೆ ಗೊತ್ತೇ ಇದೆ.

ಹೊನ್ನೂರಪ್ಪನವರ ವಿಷಯ. ನೀನು ಹೇಳಿದ ಹಾಗೆ, ತಿದ್ದದೆ ಬರೆಯುತ್ತಿದ್ದೇನೆ. ಮೂರು ಕಾರ್ಡು ತೆಗೆದೆ. ತಲೆಕೆಳಗಾಗಿ ನೇತಾಡುವ ಮನುಷ್ಯ, ನಕ್ಷತ್ರ, ಮತ್ತೆ ದೋಣಿಯಲ್ಲಿ ನದಿ ದಾಟುವವರ ಕಾರ್ಡು. ಮೊದಲನೆಯದರ ಅರ್ಥ ಕಾಯುವುದು. ಅಣ್ಣ ನೀರಿನ ಆಚೆ ದಡದಲ್ಲಿದ್ದಾನೆ ಅತ್ತಿಗೆ, ಬದುಕಿದ್ದಾನೆ, ಮುಖ ನಿನ್ನ ಕಡೆಗೇ ಇದೆ. ಈಗ ಬೇರೆ ಬಾಗಿಲು ತೆರೆದರೆ ಈ ಬಾಗಿಲು ಮುಚ್ಚಿಹೋಗುತ್ತದೆ. ಇನ್ನೊಂದು ವರ್ಷ ಕಾಯಿ.

ಅವ್ವನನ್ನು ನೋಡಿಕೋ. ನೀನಿದ್ದೀಯೆಂದು ನಾನು ಇಲ್ಲಿ ನೆಮ್ಮದಿಯಿಂದಿದ್ದೇನೆ.

ಅಕ್ಷಿ

*

ಸಿರುಗುಪ್ಪ
9 ನವೆಂಬರ್ 2023

ಪ್ರೀತಿಯ ಅಕ್ಷಿಗೆ,

ಗೌನು ಬಸ್ಸಿಗೆ ಹಾಕಿದ್ದೇನೆ, ತಲುಪಿರಬೇಕು. ಮಕಮಲ್ಲು ಜಾರುತ್ತದೆ, ಮಷೀನಿಗೆ ಕೊಡಲಿಲ್ಲ. ಅಂಚನ್ನೆಲ್ಲ ಕೈಯಲ್ಲೇ ಹೊಲಿದೆ. ಬಗ್ಗಿ ಕಾರ್ಡು ಹರಡುವಾಗ ಎಳೆಯಬಾರದೆಂದು ಕಂಕುಳಲ್ಲಿ ಒಂದು ತುಂಡು ಹೆಚ್ಚಿಗೆ ಕೊಟ್ಟಿದ್ದೇನೆ. ಮಂಜಮ್ಮ ಅದನ್ನು ಮೈಮೇಲೆ ಹಿಡಿದು ಕನ್ನಡಿ ನೋಡಿಕೊಂಡು, "ನಾನೂ ರಾಣಿ ಆದ್ನೇನ್ಲೇ?" ಅಂದಳು.

ಕಾಯುತ್ತೇನೆಂದು ಕುರುಗೋಡಿಗೆ ಹೇಳಿಕಳಿಸಿದೆ. ಕರಿಬಸವಣ್ಣ ಬಂದು ಕೂಗಾಡಿದ.

"ನಿನ್ನ ತೆಲಿ ನೆಟ್ಟಗೈತೇನು? ಇಸ್ಪೀಟ್ ಎಲಿ ನೋಡಿ ಬಾಳೇವು ಮಾಡ್ತಾರೇನು?"

"ಇಸ್ಪೀಟ್ ಅಲ್ಲಣ್ಣ. ಮತ್ತ ಹೇಳಿದಾಕಿ ಹೊರಗಿನಾಕಿ ಅಲ್ಲ. ಅಕ್ಷಿ."

"ಆಕಿ ಅವನ ತಂಗಿ."

"ಅದಕ್ಕ ನಂಬೀನಿ."

ಅವನು ಎದ್ದುಹೋದ. ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಂಡಿರಬೇಕು. ಅವತ್ತು ಅವರೇ ರೊಟ್ಟಿ ಬಡಿದು, ಎಣ್ಣೆಗಾಯಿ ಪಲ್ಯ ಮಾಡಿ, ನನ್ನ ಪಕ್ಕ ಕೂತು ಬಡಿಸಿದರು. ಮದುವೆಯಾಗಿ ಬಂದ ಮೇಲೆ ಅವರು ನನಗೆ ಹಾಗೆ ಬಡಿಸಿದ್ದು ಅದೇ ಮೊದಲು. ನಾನು ಮಾಡಿದ್ದು ಸರಿ ಎಂದುಕೊಂಡೆ.

ಮಂಜಮ್ಮನ ಮಗಳು ಹೈದರಾಬಾದಿನಲ್ಲಿ ಬಸುರಿ. ಮಂಜಮ್ಮ ಹೋಗುವಾಗ ನಾನೂ ಜೊತೆಗೆ ಬಂದು ನಿನ್ನ ಡೇರೆ ನೋಡಲೇ? ಆ ಗೌನು ನಿನ್ನ ಮೈಮೇಲೆ ಹೇಗೆ ಕೂತಿದೆ ಎಂದು ನೋಡುವ ಆಸೆ.

ನಾಗಲಕ್ಷ್ಮಿ

*

ಹೈದರಾಬಾದ್
18 ಜನವರಿ 2024

ಅತ್ತಿಗೆ,

ಗೌನು ಬಹಳ ಚೆನ್ನಾಗಿದೆ. ಎಲ್ಲರೂ ಎಲ್ಲಿ ಹೊಲಿಸಿದೆ ಎಂದು ಕೇಳುತ್ತಾರೆ.

ಈ ಸಲ ಬರಬೇಡ. ವಿಪರೀತ ಜನ, ಬಿಸಿಲು. ನನಗೆ ತಲೆ ಎತ್ತಲೂ ಪುರುಸೊತ್ತಿಲ್ಲ, ನಿನ್ನ ಜೊತೆ ಕೂತು ಮಾತಾಡಲೂ ಆಗುವುದಿಲ್ಲ. ಕೆಲಸದವರ ಮನೆಯವರು ಬಂದರೆ ಮ್ಯಾನೇಜರಿಗೆ ಸಿಟ್ಟು ಬೇರೆ. ಮಾರ್ಚಿಗೆ ಮೇಳ ಮುಗಿದ ಮೇಲೆ ನಾನೇ ಗೌನು ತಂದು ಹಾಕಿಕೊಂಡು ತೋರಿಸುತ್ತೇನೆ. ಸಿಟ್ಟಾಗಬೇಡ.

ಕಾರ್ಡು ನೋಡಿದೆ. ಎಲ್ಲ ಒಳ್ಳೆಯದೇ ಬರುತ್ತಿದೆ.

ಅಕ್ಷಿ

*

ಸಿರುಗುಪ್ಪ
26 ಫೆಬ್ರವರಿ 2024

ಅಕ್ಷಿತಾಳಿಗೆ,

ಇಲ್ಲಿ ಎಲ್ಲರೂ ಕ್ಷೇಮ.

ಹೊನ್ನೂರಪ್ಪನವರ ಮದುವೆ ಆಯಿತು. ಹುಡುಗಿ ಕೊಳಗಲ್ಲಿನವಳಂತೆ. ಅಣ್ಣ ಹೇಳಿದ.

ನನಗಾಗಿ ಇನ್ನೊಂದು ಸಲ ಕಾರ್ಡು ತೆಗೆ. ಒಂದೇ ಪ್ರಶ್ನೆ. ನನ್ನ ಗಂಡ ಈಗ ಎಲ್ಲಿದ್ದಾನೆ? ಚೆನ್ನಾಗಿ ನೋಡಿ ಬರೆ.

ನಾಗಲಕ್ಷ್ಮಿ

*

ಹೈದರಾಬಾದ್
7 ಮಾರ್ಚ್ 2024

ನನ್ನ ಬಂಗಾರದಂಥ ಅತ್ತಿಗೆಗೆ,

ನಿನ್ನ ಪತ್ರ ಬಂತು. ಎರಡೇ ಸಾಲು ಬರೆದಿದ್ದೀಯ. ಹೊನ್ನೂರಪ್ಪನವರ ಮದುವೆಯಿಂದ ನಿನಗೆ ನೋವಾಗಿದೆ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಆದರೆ ಯೋಚಿಸು, ಮನಸ್ಸಿಟ್ಟವನಾಗಿದ್ದರೆ ಇಷ್ಟು ಬೇಗ ಬೇರೆ ಮಾಡಿಕೊಳ್ಳುತ್ತಿದ್ದನೇ? ನೀನು ಉಳಿದುಕೊಂಡೆ.

ನಿನ್ನ ಪ್ರಶ್ನೆಗೆ ಸ್ನಾನ ಮಾಡಿ, ದೀಪ ಹಚ್ಚಿ ಕಾರ್ಡು ತೆಗೆದೆ. ಚಂದ್ರನ ಬೆಳಕಿನಲ್ಲಿ ಬಟ್ಟಲುಗಳನ್ನು ಬಿಟ್ಟು ಬೆಟ್ಟದ ಕಡೆ ನಡೆಯುವವನ ಕಾರ್ಡು ಬಂತು. ಅಣ್ಣ ಉತ್ತರದ ಕಡೆ, ಬಹಳ ದೂರ, ಬೆಟ್ಟದ ಸೀಮೆಯಲ್ಲಿದ್ದಾನೆ. ಒಂಟಿಯಾಗಿದ್ದಾನೆ. ಮೈಯಲ್ಲಿ ಅಷ್ಟು ಹುಷಾರಿಲ್ಲ. ಬರಲು ಮುಖವಿಲ್ಲದೆ ನಿಂತಿದ್ದಾನೆ. ಕನಸಿನಲ್ಲಿ ನಿನ್ನ ಹೆಸರು ಕರೆಯುತ್ತಾನೆ. ಇದನ್ನು ಬರೆಯುವಾಗ ನನಗೇ ಕಣ್ಣು ತುಂಬಿ ಬಂತು.

ಇನ್ನು ಸ್ವಲ್ಪ ದಿನ ಅತ್ತಿಗೆ.

ನಿನ್ನ ಅಕ್ಷಿ

*

ಸಿರುಗುಪ್ಪ
15 ಮಾರ್ಚ್ 2024

ಅಕ್ಷಿತಾ,

ನಾನು ಬಂದಿದ್ದೆ.

ಫೆಬ್ರವರಿಯಲ್ಲಿ ಮಂಜಮ್ಮ ಮಗಳ ಬಾಣಂತನಕ್ಕೆ ಹೊರಟಾಗ, ಬೇಡ ಅಂದಿದ್ದರೂ ಹೋಗಿ ನಿನ್ನನ್ನು ಬೆರಗುಗೊಳಿಸಬೇಕೆಂದು ಅವಳ ಜೊತೆ ಬಸ್ಸು ಹತ್ತಿದೆ. ನಿನಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡಿದ್ದೆ. ಶನಿವಾರ ಮಂಜಮ್ಮನ ಅಳಿಯ ನನ್ನನ್ನು ಮೇಳದ ಬಾಗಿಲಿಗೆ ಬಿಟ್ಟು ಹೋದ. ಸೀರೆಯಲ್ಲಿ ಒಳಗೆ ಬಿಡುವುದಿಲ್ಲ ಎಂದು ತಲೆಯಿಂದ ಕಾಲಿನವರೆಗೆ ಮುಚ್ಚುವ ಒಂದು ಕಪ್ಪು ನಿಲುವಂಗಿ ಕೊಟ್ಟರು. ಮುಖಕ್ಕೆ ಕಟ್ಟಿಕೊಳ್ಳಲು ಬಣ್ಣದ ರಟ್ಟಿನ ಮುಖವಾಡ. ನನ್ನನ್ನು ನಾನೇ ನೋಡಿಕೊಂಡು ನಕ್ಕೆ. ಅಕ್ಷಿಗೆ ಗುರುತು ಸಿಗುತ್ತದೋ ಇಲ್ಲವೋ ನೋಡೋಣ, ಎದುರಿಗೆ ಕೂತು ದೊಡ್ಡ ಮನುಷ್ಯರ ಹಾಗೆ ಪ್ರಶ್ನೆ ಕೇಳೋಣ ಎಂದುಕೊಂಡೆ.

ನಿನ್ನ ಡೇರೆಯ ಮುಂದೆ ಸಾಲಿತ್ತು. ನಾನು ನಿಂತೆ. ಪರದೆ ಅರ್ಧ ಸರಿಸಿತ್ತು. ನೀನು ಕಂಡೆ. ಗೌನು ಚೆನ್ನಾಗಿ ಕೂತಿತ್ತು, ಹೆಗಲ ಬಳಿ ಮಾತ್ರ ಸ್ವಲ್ಪ ಸಡಿಲ. ಒಬ್ಬ ಹೆಂಗಸಿನ ಕೈ ಹಿಡಿದು ಮೆಲ್ಲಗೆ ಏನೋ ಹೇಳುತ್ತಿದ್ದೆ. ನನಗೆ ಹೆಮ್ಮೆಯಾಯಿತು ಅಕ್ಷಿತಾ. ಪಕ್ಕದಲ್ಲಿ ನಿಂತವಳಿಗೆ ತೆಲುಗಿನಲ್ಲಿ, ಅವಳು ನಮ್ಮ ಹುಡುಗಿ ಎಂದು ಹೇಳಲು ಬಾಯಿ ತೆರೆದಿದ್ದೆ.

ಅಷ್ಟರಲ್ಲಿ ಒಂದು ಸಣ್ಣ ಹುಡುಗಿ, ಎರಡು ಎರಡೂವರೆ ವರ್ಷ ಇರಬೇಕು, ಸಾಲಿನ ಕಾಲುಗಳ ನಡುವೆ ನುಸುಳಿ ಓಡಿಬಂತು. "ಅತ್ತಾ! ಅತ್ತಾ!" ಎನ್ನುತ್ತ ನೇರ ನಿನ್ನ ತೊಡೆಗೆ ಹತ್ತಿತು. ನೀನು ಆ ಹೆಂಗಸಿನ ಕೈ ಬಿಟ್ಟು ಅದಕ್ಕೆ ಮುತ್ತು ಕೊಟ್ಟೆ. ಗೆಳತಿಯೊಬ್ಬಳ ಮಗುವಿರಬೇಕು ಎಂದು ನಾನು ಅಂದುಕೊಳ್ಳುತ್ತಿದ್ದೆ. ಹಿಂದಿನಿಂದ ಒಬ್ಬ ಗಂಡಸು, ಮೊಣಕೈವರೆಗೆ ಬಿಳಿ ಬಣ್ಣ, ಹೆಗಲಿಗೆ ಟವೆಲು, ನನ್ನನ್ನು ತಾಗಿಕೊಂಡೇ ಮುಂದೆ ಹೋದ. "ಬಾ ಇಲ್ಲಿ ಚಿನ್ನೀ, ಅತ್ತಿ ಕೆಲಸ ಮಾಡಾಕತ್ತಾಳ" ಅಂದ. ದನಿ ಕೇಳಿದೆ. ಆಮೇಲೆ ಕತ್ತು ನೋಡಿದೆ. ಆಮೇಲೆ ಅವನು ಮಗುವನ್ನು ಎತ್ತಿಕೊಂಡು ತಿರುಗಿದಾಗ ಮುಖ ನೋಡಿದೆ.

ನನ್ನ ಗಂಡ ತಿಪ್ಪೇಶ ನನ್ನ ಎದುರಿಗೆ, ಒಂದು ಮೊಳ ದೂರದಲ್ಲಿದ್ದ. "ಜರಗಂಡಿ ಅಮ್ಮಾ" ಎಂದು ನನಗೆ ದಾರಿ ಬಿಡಲು ಹೇಳಿದ. ನಾನು ಸರಿದು ದಾರಿ ಬಿಟ್ಟೆ.

ಕೂಗಬೇಕಿತ್ತು. ಮುಖವಾಡ ಕಿತ್ತು ಎಸೆಯಬೇಕಿತ್ತು ಎಂದು ಮಂಜಮ್ಮ ಬೈದಳು. ನಾನು ಹಾಗೇನೂ ಮಾಡಲಿಲ್ಲ. ಅವನ ಹಿಂದೆ ನಡೆದೆ. ಕೋಟೆಯ ಗೋಡೆಯ ಹಿಂಭಾಗದಲ್ಲಿ, ಬರೀ ಪ್ಲೈವುಡ್ಡೂ ಮೊಳೆಗಳೂ ಕಾಣುವ ಜಾಗದಲ್ಲಿ, ಒಬ್ಬ ಹೆಂಗಸು ಊಟದ ಡಬ್ಬಿ ಬಿಚ್ಚಿ ಕೂತಿದ್ದಳು. ಒಳ್ಳೆಯ ಮುಖದವಳು. ಮೂವರೂ ಉಂಡರು. ನೀನೂ ಬಂದೆ, ಗೌನಿಗೆ ಸಾರು ಬೀಳದ ಹಾಗೆ ಮಡಿಲಿಗೆ ಟವೆಲು ಹಾಸಿಕೊಂಡು ಅವಳ ಡಬ್ಬಿಯಿಂದ ತುತ್ತು ತಿಂದೆ. "ವದಿನಾ, ಇನ್ನಷ್ಟು ಹಾಕು" ಅಂದೆ. ನನಗೂ ತೆಲುಗು ಬರುತ್ತದೆ. ವದಿನಾ ಎಂದರೆ ಅತ್ತಿಗೆ.

ಊರಿಗೆ ಬಂದ ಮೇಲೂ ನಿನ್ನ ಬಗ್ಗೆ ಒಂದು ಆಸೆ ಉಳಿದಿತ್ತು. ಅವನು ನಿನಗೆ ಈಗಷ್ಟೇ ಸಿಕ್ಕಿರಬಹುದು, ನನಗೆ ಹೇಗೆ ಹೇಳುವುದೆಂದು ಒದ್ದಾಡುತ್ತಿರಬಹುದು, ಕೇಳಿದರೆ ಹೇಳುತ್ತಾಳೆ ಎಂದುಕೊಂಡೆ. ಅದಕ್ಕೇ ಆ ಎರಡು ಸಾಲಿನ ಪತ್ರ ಬರೆದೆ. ನೀನು ಸ್ನಾನ ಮಾಡಿ, ದೀಪ ಹಚ್ಚಿ, ಅವನನ್ನು ಬೆಟ್ಟ ಹತ್ತಿಸಿದೆ. ಒಂಟಿ ಮಾಡಿದೆ. ಕಾಯಿಲೆ ಮಾಡಿದೆ.

ಅವನು ನನ್ನನ್ನು ಬಿಟ್ಟು ಹೋದ. ಅದು ಅವನು ಮಾಡಿದ್ದು. ಆದರೆ ಇಷ್ಟು ದಿನ ನನ್ನನ್ನು ಕಾಯಲು ಕೂಡಿಸಿದ್ದು ನೀನು.

ಅತ್ತೆಗೆ ನಾನಿನ್ನೂ ಏನೂ ಹೇಳಿಲ್ಲ. ಹೇಗೆ ಹೇಳಲಿ? ಫೋನು ಎದೆಗೊತ್ತಿಕೊಂಡು ಕೂತಿರುತ್ತಾರೆ. ಮಗನ ಈ ಸುದ್ದಿ ಕೇಳಿ ಆ ಮುದಿ ಜೀವಕ್ಕೆ ಏನಾದರೂ ಆದರೆ ಎಂಬ ಭಯದಲ್ಲಿ ದಿನ ತಳ್ಳುತ್ತಿದ್ದೇನೆ.

ನಾಗಲಕ್ಷ್ಮಿ

*

ಕೌಲ್ ಬಜಾರ್, ಬಳ್ಳಾರಿ
2 ಏಪ್ರಿಲ್ 2024

ಅತ್ತಿಗೆ,

ಹಾಗೆ ಕರೆಯುವ ಹಕ್ಕು ಇದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಹೇಗೆ ಕರೆಯಲಿ?

ಮೇಳ ಮುಗಿದು ಬಳ್ಳಾರಿಗೆ ಬಂದಿದ್ದೇನೆ. ನಿನ್ನ ಪತ್ರ ಓದಿ ಊಟ ಸೇರಲಿಲ್ಲ. ನಡೆದದ್ದನ್ನು ಹೇಳುತ್ತೇನೆ, ಕೇಳು. ಸಂದರ್ಶನದ ದಿನ ಗೋಡೆಗೆ ಬಣ್ಣ ಬಳಿಯುತ್ತಿದ್ದವನು ಇಳಿದು ಬಂದು "ಅಕ್ಷೀ" ಅಂದ. ಅಣ್ಣ! ಅವತ್ತಿನವರೆಗೂ ನನಗೆ ನಿಜವಾಗಿ ಏನೂ ಗೊತ್ತಿರಲಿಲ್ಲ. ಅವನನ್ನು ಹೊಡೆದೆ, ಅತ್ತುಬಿಟ್ಟೆ. ಅವನು ಮ್ಯಾನೇಜರಿಗೆ ಹೇಳಿ ನನಗೆ ಡೇರೆ ಕೊಡಿಸಿದ. ಆಮೇಲೆ ಮಗುವಿನ ತಲೆ ಮುಟ್ಟಿಸಿ, ನಿನಗೆ ಹೇಳಬಾರದು ಎಂದು ಆಣೆ ಹಾಕಿಸಿಕೊಂಡ. ಹೇಳಿದರೆ ನಾಗೂ ಕೇಸು ಹಾಕುತ್ತಾಳೆ, ನನ್ನ ಸಂಸಾರ ಬೀದಿಗೆ ಬೀಳುತ್ತದೆ ಅಂದ. ಆ ವದಿನಾಗೆ ಕೂಡ ನಿನ್ನ ವಿಷಯ ಗೊತ್ತಿಲ್ಲ. ನಾನು ಯಾರ ಕಡೆ ನಿಲ್ಲಬೇಕಿತ್ತು ಹೇಳು? ಅವನು ನನ್ನ ಒಡಹುಟ್ಟಿದವನು.

ಕಾರ್ಡುಗಳ ಬಗ್ಗೆ ನನ್ನನ್ನು ಪೂರ್ತಿ ಸುಳ್ಳುಗಾರ್ತಿ ಎನ್ನಬೇಡ. ಕಾಯುವ ಕಾರ್ಡು ನಿಜವಾಗಿಯೂ ಬಂದಿತ್ತು. ಇವತ್ತಲ್ಲ ನಾಳೆ ಅಣ್ಣ ಮನಸ್ಸು ಬದಲಿಸಿ ನಿನ್ನ ಹತ್ತಿರ ಬರುತ್ತಾನೆ, ಅಲ್ಲಿಯವರೆಗೆ ಆಸೆ ಇರಲಿ, ಅದೇ ದಯೆ ಎಂದುಕೊಂಡೆ. ಕೊನೆಯ ಸಲ ಮಾತ್ರ ಕಾರ್ಡು ತೆಗೆಯಲಿಲ್ಲ.

ಅವ್ವನ ಬಗ್ಗೆ ನೀನು ಹೆದರಬೇಡ. ಆಕೆಗೆ ಏನೂ ಆಗುವುದಿಲ್ಲ. ಅವ್ವನಿಗೆ ಗೊತ್ತಿದೆ. ಮಗು ಹುಟ್ಟಿದಾಗಿನಿಂದಲೂ ಗೊತ್ತಿದೆ. ಅಣ್ಣ ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಆಕೆಯ ಎದುರು ಅದನ್ನೆಲ್ಲ ಎತ್ತಿ ಮುದುಕಿಯ ಮನಸ್ಸು ನೋಯಿಸಬೇಡ, ಕೈ ಮುಗಿಯುತ್ತೇನೆ.

ಒಂದು ಸಲ ನನ್ನ ಜೊತೆ ಮಾತಾಡು. ಬೈದರೂ ಸರಿ.

ಅಕ್ಷಿ

*

ಕುರುಗೋಡು
20 ಜೂನ್ 2024

ಅಕ್ಷಿತಾ ಅವರಿಗೆ,

ನಿಮ್ಮ ಪತ್ರವನ್ನು ಅಂಗಡಿಯಲ್ಲೇ ಓದಿದೆ. ಮನೆಗೆ ಹೋದಾಗ ನಿಮ್ಮ ತಾಯಿ ಅಕ್ಕಿ ಹಸನು ಮಾಡುತ್ತ ಕೂತಿದ್ದರು.

"ಅತ್ತಿ, ತಿಪ್ಪೇಶ ಹೈದರಾಬಾದಿನ್ಯಾಗ ಇರೂದು ನಿಮಗ ಗೊತ್ತಿತ್ತೇನ್ರಿ?"

ಮೊರ ಆಡಿಸುವುದನ್ನು ನಿಲ್ಲಿಸಲಿಲ್ಲ. ಕಲ್ಲು ಆರಿಸಿ ಹೊರಗೆ ಎಸೆದರು. "ಗೊತ್ತಿದ್ರ ಏನ್ ಮಾಡ್ಬೇಕಿತ್ತು?" ಅಂದರು.

"ನನಗ ಹೇಳಬೇಕಿತ್ತು."

"ಹೇಳಿದ್ರ ನೀ ಹೋಗ್ತಿದ್ದಿ. ಮಗ ಅಲ್ಲಿ, ಮಗಳು ಇನ್ನೊಂದ್ ಕಡಿ. ನನಗ ಯಾರ್ ಮಾಡಿ ಹಾಕ್ತಿದ್ರು?"

ಅವರ ಮಾತಿನಲ್ಲಿ ಮುಚ್ಚುಮರೆ ಇರಲಿಲ್ಲ. ಅವರಿಗೆ ಅಡುಗೆ ಮಾಡುವವಳು ಬೇಕಿತ್ತು, ನಿಮ್ಮ ಅಣ್ಣನಿಗೆ ತನ್ನ ಹೊಸ ಸಂಸಾರ ಕಾಪಾಡಿಕೊಳ್ಳಬೇಕಿತ್ತು, ನಿಮಗೆ ಡೇರೆ ಬೇಕಿತ್ತು. ಮೂವರಿಗೂ ನಾನು ಸಿರುಗುಪ್ಪದಲ್ಲೇ ಕಾಯುತ್ತ ಕೂರುವುದು ಅನುಕೂಲವಾಗಿತ್ತು. ನೀವು ಅದನ್ನು ದಯೆ ಎಂದು ಬರೆದಿದ್ದೀರಿ. ಎಣ್ಣೆಗಾಯಿ ಪಲ್ಯ ಬಡಿಸಿದ ದಿನ ನಾನೂ ಅದನ್ನು ಪ್ರೀತಿ ಎಂದೇ ಉಂಡಿದ್ದೆ.

ಮರುದಿನ ಸ್ಟೇಷನ್ನಿಗೆ ಹೋದೆ. ಅವನು ಕಾಣೆಯಾದಾಗ ನಾನೇ ದೂರು ಕೊಟ್ಟವಳು. ಈಗಿರುವ ಹವಾಲ್ದಾರರು ಹಳೆಯ ಕಡತ ಹುಡುಕಿಸಿ, "ಸಿಕ್ಕರೇನವ್ವ ನಿಮ್ಮನಿಯವ್ರು?" ಅಂದರು.

"ಸಿಕ್ಕಾರ್ರಿ."

"ಛಲೋ ಆತು ಬಿಡು. ಎಲ್ರಿಗೂ ಪೇಢಾ ಕೊಡಬೇಕು ಮತ್ತ."

ಪಕ್ಕದಲ್ಲಿದ್ದ ಹೆಂಗಸು ಪೊಲೀಸು ನನ್ನ ಮುಖ ನೋಡಿ ಅವರನ್ನು ಸುಮ್ಮನಿರಿಸಿದಳು. ಒಳಗೆ ಕರೆದು ಕೂಡಿಸಿ ನೀರು ಕೊಟ್ಟಳು. ಮೇಳದ ಬಯಲಿನ ವಿಳಾಸ ಬರೆಸಿದೆ. ನಂತರ ಬಳ್ಳಾರಿಯಲ್ಲಿ ವಕೀಲರನ್ನು ಕಂಡು ವಿಚ್ಛೇದನಕ್ಕೆ ಹಾಕಿದ್ದೇನೆ. ನೋಟೀಸು ಹೋದಾಗ ನಿಮ್ಮ ವದಿನಾಗೆ ನನ್ನ ವಿಷಯ ತಿಳಿಯುತ್ತದೆ. ಅವಳಿಗೆ ಅದನ್ನು ನೀವಾದರೂ ಮೊದಲೇ ಹೇಳಿದರೆ ಒಳ್ಳೆಯದು. ಅವಳು ನನಗೆ ಏನೂ ಮಾಡಿಲ್ಲ.

ನಿಮ್ಮ ತಾಯಿಯನ್ನು ನಿಮ್ಮ ಕೋಣೆಯ ಬಾಗಿಲಿಗೆ ನಾನೇ ಕರೆತಂದು ಬಿಟ್ಟದ್ದು ನಿಮಗೆ ಗೊತ್ತೇ ಇದೆ. ನೀವು ಎಲ್ಲೋ ಸ್ಟಾಲು ಕೇಳಲು ಹೋಗಿದ್ದಿರಿ. ಮನೆಯ ಒಡತಿ ಬೀಗ ತೆಗೆದಳು. ಗುಳಿಗೆ, ಬಟ್ಟೆ, ಹಾಸಿಗೆ ಎಲ್ಲ ಒಳಗಿಟ್ಟೆ. ಅವರು ಮೆಟ್ಟಿಲ ಮೇಲೆ ಕೂತು ನನ್ನ ಸೀರೆಯ ಅಂಚು ಹಿಡಿದುಕೊಂಡರು.

"ನಾಗೂ, ನನ್ನ ಬಿಟ್ಟು ಹೊಂಟೇನು?"

"ಮಗಳ ಮನಿಗೆ ಬಂದೀರಿ ಅತ್ತಿ. ಇದು ಬಿಡೂದು ಹೆಂಗಾಗ್ತೈತಿ?"

ಅಂಚು ಬಿಡಿಸಿಕೊಂಡಾಗ ನನಗೆ ಅಳು ಬಂತು. ಅದು ನಿಮಗೆ ತಿಳಿಯಲಿ ಎಂದೇ ಬರೆಯುತ್ತಿದ್ದೇನೆ. ಇಷ್ಟು ವರ್ಷ ಬೇಯಿಸಿ ಹಾಕಿದ ಜೀವ, ಅಳದೆ ಇರುವುದಿಲ್ಲ. ಆದರೆ ಹಿಂತಿರುಗಲಿಲ್ಲ.

ಈಗ ಕುರುಗೋಡಿನಲ್ಲಿ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಹಾಕಿಕೊಂಡಿದ್ದೇನೆ. ಬೋರ್ಡು ಅಣ್ಣನೇ ಬರೆಸಿ ತಂದು ಮೊಳೆ ಹೊಡೆದ.

ಹೋದ ವಾರ ಹೊನ್ನೂರಪ್ಪನವರ ಹೆಂಡತಿ ಬಂದಿದ್ದಳು. ಚಿಕ್ಕ ವಯಸ್ಸು, ಮಾತು ಜಾಸ್ತಿ. ಆ ಮಗಳನ್ನೂ ಕರೆತಂದಿದ್ದಳು. ಹುಡುಗಿ ಅವಳ ಬೆರಳು ಹಿಡಿದುಕೊಂಡಿತ್ತು. ವ್ಯಾನು ಹೊರಗೆ ನಿಂತಿತ್ತು. ಅವರು ಸ್ಟೇರಿಂಗು ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಿದ್ದರು. ನಾನು ಬಟ್ಟೆ ಬಿಚ್ಚಿ ನೋಡುತ್ತಿದ್ದಾಗ ಆಕೆ ಸಹಜವಾಗಿ ಕೇಳಿದಳು.

"ಅಕ್ಕಾ, ನಿಮ್ಮನಿಯವ್ರು ಎಲ್ಲದಾರ್ರಿ?"

"ಹೈದರಾಬಾದಿನ್ಯಾಗ ಅದಾರವ್ವ. ಅವರಿಗೆ ಹೆಂಡ್ತಿ ಅದಾಳ, ಮಗಳದಾಳ."

"ಮತ್ತ... ನೀವು?"

"ನಾನು ಬ್ಲೌಸು ಹೊಲೀತೀನಿ. ಕೈ ಎತ್ತವ್ವ, ಅಳತಿ ತಗೋತೀನಿ."

ಇನ್ನು ನನಗೆ ಬರೆಯಬೇಡಿ.

ನಾಗಲಕ್ಷ್ಮಿ